ಕೇಪ್‌ಗೆ ಕಟ್ಟಿದ ಕುಚ್ಚು

ಬೆಂಗಳೂರಿನ ಕಾಮಿಕ್ಸ್ ಮೇಳಕ್ಕೆ ಸೂಪರ್‌ಹೀರೋ ವೇಷದಲ್ಲಿ ಹೋಗಬೇಕೆಂದು ತಿಂಗಳಿಡೀ ಒದ್ದಾಡಿದ್ದೆ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು, ಹಳೆಯ ಯೋಗ ಮ್ಯಾಟ್ ಕತ್ತರಿಸಿ ಎದೆಕವಚ ಅಂಟಿಸಿದೆ. ಬೆನ್ನ ಮೇಲೆ ಹಾರಾಡುವ ಕೇಪ್‌ಗೆ ನಮ್ಮ ಮಗ್ಗದಲ್ಲೇ ನೇಯ್ದ ಕಡುಗೆಂಪು ಬಟ್ಟೆ ತೆಗೆದಿಟ್ಟಿದ್ದೆ.

ಹೊರಡುವ ದಿನ ಬೆಳಿಗ್ಗೆ ನೋಡಿದರೆ ಅದರ ತುದಿಗೆ ಸಾಲಾಗಿ ಕುಚ್ಚು! ಸೀರೆಗಳ ಸೆರಗಿಗೆ ಕುಚ್ಚು ಕಟ್ಟುವುದು ಅಮ್ಮನ ಕೆಲಸ. ಬಟ್ಟೆ ಕೈಗೆ ಸಿಕ್ಕಿದ್ದೇ ತಡ, ಕಟ್ಟಿಬಿಟ್ಟಿದ್ದಳು.

"ಯಾರಮ್ಮ ನಿಂಗೆ ಹೇಳಿದ್ದು? ಇದೇನು ಮದುವೆ ಸೀರೆನಾ?"

"ತುದಿ ಹಂಗೇ ಬಿಟ್ರೆ ನೂಲು ಬಿಟ್ಕೊಳ್ಳುತ್ತೆ ಕಣೋ."

ಅವಳು ಅತ್ತ ಹೋದದ್ದೇ ಕತ್ತರಿ ತೆಗೆದುಕೊಂಡು ಕುಚ್ಚನ್ನೆಲ್ಲ ಕಚಕಚ ಕತ್ತರಿಸಿ ಹಾಕಿದೆ. ಅಂಚು ಹೊಲಿಯಲು ಪುರುಸೊತ್ತಿರಲಿಲ್ಲ. ಚೀಲಕ್ಕೆ ತುರುಕಿದರೆ ಕವಚ ಮುರಿಯುತ್ತದೆಂದು ಎಲ್ಲವನ್ನೂ ತೊಟ್ಟೇ ಬಸ್ಸು ಹತ್ತಿದೆ.

ಕುಚ್ಚು ಬರೀ ಅಲಂಕಾರವಲ್ಲ, ಬಟ್ಟೆ ಬಿಚ್ಚಿಕೊಳ್ಳದಂತೆ ಅದರ ನೂಲಿಗೇ ಹಾಕಿದ ಗಂಟು. ಮಗ್ಗದ ಸದ್ದಿನಲ್ಲೇ ಬೆಳೆದವನಿಗೆ ಅಷ್ಟೂ ಗೊತ್ತಿರಬೇಡವೇ? ಮೇಳ ತಲುಪುವಷ್ಟರಲ್ಲಿ ಕೇಪ್ ಒಂದು ಗೇಣು ಬಿಚ್ಚಿಹೋಗಿತ್ತು. ಎಳೆಗಳು ನನ್ನ ಕಾಲಿಗೂ ಹಿಂದಿದ್ದವರ ಕಾಲಿಗೂ ತೊಡರುತ್ತಿದ್ದವು. ನನ್ನ ಜೊತೆ ಫೋಟೊ ಕೇಳಿದವನು ಒಬ್ಬನೇ. ಅವನೂ, "ಗುರು, ನೀನು ದೆವ್ವ ತಾನೇ?" ಎಂದ. ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದಾಗ ಅಮ್ಮ ಜೋತಾಡುವ ಎಳೆಗಳನ್ನು ಹಿಡಿದು ನೋಡಿದಳು. ಎಲ್ಲದರ ತುದಿಯೂ ಒಂದೇ ಸಮನಾಗಿತ್ತು. ಕುಚ್ಚು ಬಸ್ಸಿನ ಬಾಗಿಲಿಗೆ ಸಿಕ್ಕಿಕೊಂಡು ಕಿತ್ತುಹೋಯಿತು ಎಂದೆ.

"ಬಸ್ಸಿನ ಬಾಗಿಲಿಗೆ ಕತ್ತರಿ ಬೇರೆ ಕಟ್ಟವ್ರೇನಪ್ಪಾ?" ಎಂದಳು.