ನನ್ನ ಎಂ.ಎಸ್ಸಿ.ಯ ಎಮ್ಮೆ

ಆ ದಿನ ನಾನು ಊರಲ್ಲಿದ್ದೆನೋ ಇಲ್ಲವೋ ಎಂಬುದೇ ಈಗ ನನಗೆ ಖಚಿತವಿಲ್ಲ. ಕಲ್ಲೂರಿನ ನಮ್ಮ ಮನೆಯ ಮುಂದೆ ಕಟ್ಟಿದ್ದ ಎಮ್ಮೆ, ಅದರ ಸುತ್ತ ಸೆರಗು ಸಿಕ್ಕಿಸಿ ನಿಂತ ಹೆಂಗಸರು, ಸಾಲದ ಸಾಹೇಬರು ಬೈಕು ನಿಲ್ಲಿಸಲು ನೆರಳು ಹುಡುಕಿದ್ದು, ಎಲ್ಲವೂ ಕಣ್ಣೆದುರಿಗಿದೆ. ಆದರೆ ಅವ್ವ ಒಪ್ಪುವುದಿಲ್ಲ. "ನೀ ಎಲ್ಲಿದ್ದಿ? ಹಾಸ್ಟೆಲ್‌ನಾಗ ಇದ್ದಿ. ನಾ ಫೋನ್‌ನಾಗ ಹೇಳಿದ್ದು ಕೇಳಿ, ನೋಡೀನಿ ಅಂತಿ," ಎನ್ನುತ್ತಾಳೆ. ನಾನು ಓದಿದ್ದು ಭೌತಶಾಸ್ತ್ರ. ಅಳತೆ ಬರೆದರೆ ಸಾಲದು, ಅದು ಎಷ್ಟರಮಟ್ಟಿಗೆ ತಪ್ಪಿರಬಹುದು ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕು; ಇಲ್ಲದಿದ್ದರೆ ಪ್ರಯೋಗಾಲಯದಲ್ಲಿ ನಮಗೆ ಅಂಕವಿರಲಿಲ್ಲ. ಆದ್ದರಿಂದ ಮೊದಲೇ ಹೇಳುತ್ತೇನೆ: ಇಲ್ಲಿ ಕೆಲವು ನಾನು ಕಂಡದ್ದು, ಕೆಲವು ಕೇಳಿದ್ದು. ಯಾವುದು ಯಾವುದೆಂದು ಬೇರ್ಪಡಿಸಲು ನನ್ನಿಂದ ಆಗುತ್ತಿಲ್ಲ.

ಎಂ.ಎಸ್ಸಿ.ಗೆ ನನಗೆ ಸಿಕ್ಕಿದ್ದು ಪೇಮೆಂಟ್ ಸೀಟು. ಮಾನ್ವಿಯ ಬ್ಯಾಂಕೊಂದು ಶಿಕ್ಷಣ ಸಾಲ ಕೊಟ್ಟಿತು. ಆ ಹಣ ನಮ್ಮ ಕೈಗೆ ಬರಲೇ ಇಲ್ಲ, ನೇರವಾಗಿ ವಿಶ್ವವಿದ್ಯಾಲಯದ ಖಾತೆಗೆ ಹೋಯಿತು. ಸಾಲವೆಂದರೆ ಸೆರಗಿನ ತುದಿಗೆ ಗಂಟು ಹಾಕಿ ತರುವಂಥದ್ದು ಎಂದು ತಿಳಿದಿದ್ದ ಅವ್ವನಿಗೆ ಇದು ವಿಚಿತ್ರವಾಗಿ ಕಂಡಿತು. "ರೊಕ್ಕ ನೋಡಿಲ್ಲ, ಮುಟ್ಟಿಲ್ಲ, ಬಡ್ಡಿ ಅಷ್ಟ ನಮ್ದು," ಎಂದು ನಕ್ಕಳು. ಆದರೆ ಬ್ಯಾಂಕು ಕೊಟ್ಟದ್ದು ಶುಲ್ಕ ಮಾತ್ರ. ಊಟ, ಹಾಸ್ಟೆಲ್, ಪರೀಕ್ಷಾ ಶುಲ್ಕ, ಪ್ರಾಜೆಕ್ಟಿನ ಖರ್ಚು ಇವಕ್ಕೆಲ್ಲ ದಾರಿ ನಾವೇ ಹುಡುಕಬೇಕಿತ್ತು. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ಅವನ ಕೂಲಿ ಮನೆಗೇ ಸರಿಹೋಗುತ್ತಿತ್ತು.

ಉಳಿದದ್ದು ಅವ್ವನ ಸಂಘ. ಓಣಿಯ ಹೆಂಗಸರು ಸೇರಿ ಮಾಡಿಕೊಂಡ ಸಂಘಕ್ಕೆ ಒಂದು ಹಣಕಾಸು ಸಂಸ್ಥೆ ಸಾಲ ಕೊಡುತ್ತಿತ್ತು. ಎಮ್ಮೆ, ಕುರಿ, ಹೊಲಿಗೆ ಯಂತ್ರ, ಸಣ್ಣ ಅಂಗಡಿ ಇಂಥವಕ್ಕೆ ಮಾತ್ರ. ಓದಿಗೆ ಇಲ್ಲ. ಹಾಗಾಗಿ ಅವ್ವ ಎಮ್ಮೆ ಎಂದು ಬರೆಸಿ ನನ್ನ ಮೆಸ್ಸಿನ ಬಿಲ್ಲು ಕಟ್ಟಿದಳು. ಸಂಘದ ಎಲ್ಲರಿಗೂ ಇದು ಗೊತ್ತಿತ್ತು. ಒಬ್ಬಳು ಸಿಕ್ಕಿಬಿದ್ದರೆ ಎಲ್ಲರ ಸಾಲವೂ ನಿಲ್ಲುತ್ತದೆ ಎಂಬುದೂ ಗೊತ್ತಿತ್ತು. ಆದರೂ ಯಾರೂ ಬೇಡವೆನ್ನಲಿಲ್ಲ. ವಾರದ ಸಭೆಯಲ್ಲಿ ನಗೆಗೆ ಮಾತ್ರ ಬರವಿರಲಿಲ್ಲ.

"ನಿನ್ನ ಎಮ್ಮಿ ಹೆಂಗದ ಬೇ?"

"ಮೇಯಾಕತ್ತದ."

"ಹಾಲು ಯಾವಾಗ ಕೊಡ್ತದ?"

"ಪರೀಕ್ಷಾ ಮುಗೀಲಿ ತಡಿ."

ರಜೆಗೆ ಬಂದಾಗ ಪಕ್ಕದ ಮನೆಯ ದೊಡ್ಡವ್ವ ಕಟ್ಟೆಯ ಮೇಲಿಂದಲೇ ಕೂಗುತ್ತಿದ್ದಳು. "ಬಂತು ನೋಡ್ರೇ ನಮ್ಮ ಎಮ್ಮಿ! ಏನ್ ಸೊರಗ್ಯದ. ಮೆಸ್ಸಿನಾಗ ಹಿಂಡಿ ಹಾಕಂಗಿಲ್ಲೇನಲೇ?" ರಕ್ತಸಂಬಂಧದ ದೊಡ್ಡವ್ವನಲ್ಲ ಅವಳು. ಗೋಡೆಯೊಂದು ಹಂಚಿಕೊಂಡಿದ್ದರಿಂದ ದೊಡ್ಡವ್ವನಾದಳು. ಅವಳ ಹತ್ತಿರ ನಿಜವಾದ ಎಮ್ಮೆಯಿತ್ತು, ಹಿಂದಿನ ವರ್ಷ ಅದೇ ಸಂಘದ ಸಾಲದಲ್ಲಿ ತಂದದ್ದು. ಆ ಸಾಲ ತೀರುತ್ತ ಬಂದಿತ್ತು. ಮುಂದಿನ ಸಾಲ ಎತ್ತಿ ಮನೆಯ ಮುಂದಿನ ಕೋಣೆಯಲ್ಲಿ ಕಿರಾಣಿ ಅಂಗಡಿ ಇಡುವುದು ಅವಳ ಲೆಕ್ಕಾಚಾರ. ಬಡಿಗೇರನನ್ನು ಕರೆಸಿ ಹಲಗೆಗಳನ್ನೂ ಹೊಡೆಸಿಬಿಟ್ಟಿದ್ದಳು.

ನನ್ನ ಕೊನೆಯ ಸೆಮಿಸ್ಟರಿಗೆ ಅವ್ವನ ಸಾಲದ ಎರಡನೆಯ ಕಂತು ಬರಬೇಕಿತ್ತು. ಮೆಸ್ಸಿನ ಬಾಕಿ ತೀರಿಸದಿದ್ದರೆ ಹಾಲ್ ಟಿಕೆಟ್ ಇಲ್ಲ ಎಂದು ಹಾಸ್ಟೆಲಿನವರು ಹೇಳಿಯಾಗಿತ್ತು. ಹಾಲ್ ಟಿಕೆಟ್ ಇಲ್ಲದಿದ್ದರೆ ಡಿಗ್ರಿಯೂ ಇಲ್ಲ. ಬ್ಯಾಂಕಿನ ಸಾಲ ಮಾತ್ರ ಇದ್ದೇ ಇರುತ್ತದೆ. ಆಗಲೇ ಸುದ್ದಿ ಬಂತು: ಸಂಸ್ಥೆಯ ಸಾಹೇಬರು ಬಂದು ಎಮ್ಮೆ ನೋಡಿದ ಮೇಲೆಯೇ ಕಂತು.

ದೊಡ್ಡವ್ವ ತನ್ನ ಎಮ್ಮೆಯನ್ನು ಬಿಚ್ಚಿ ತಂದು ನಮ್ಮ ಬಾಗಿಲ ಮುಂದೆ ಕಟ್ಟಿದಳು. ಹೊಸ ಗೂಟ, ಹೊಸ ಹಗ್ಗ, ಮುಂದೆ ಹಸಿ ಮೇವು, ಹಣೆಗೆ ಅರಿಶಿನ ಕುಂಕುಮ. ಮೊದಲ ಕಂತನ್ನು ಮುಂಗಡ ಕೊಟ್ಟು ನಿನ್ನೆ ಮೊನ್ನೆ ತಂದ ಎಮ್ಮೆಗೆ ಪೂಜೆ ಮಾಡಿದಂತೆ ಕಾಣಬೇಕಲ್ಲ. ಎಮ್ಮೆಗೆ ಮಾತ್ರ ಈ ನಾಟಕ ಹಿಡಿಸಲಿಲ್ಲ. ತನ್ನ ಕೊಟ್ಟಿಗೆಯ ಕಡೆ ಕುತ್ತಿಗೆ ಎಳೆದು ಒದರತೊಡಗಿತು.

"ಯಾಕ್ರಿ, ಆ ಕಡೆ ಎಳೀತದ?" ಎಂದರು ಸಾಹೇಬರು.

"ಹೊಸಾ ಜಾಗ ಅಲ್ರಿ ಸಾಹೇಬ್ರ. ಸೊಸಿ ತವರಮನಿ ಕಡೆ ನೋಡಂಗಿಲ್ಲೇನ್ರಿ?" ಎಂದಳು ಯಾರೋ ಒಬ್ಬಳು. ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ನಗುತ್ತಲೇ ಬಗ್ಗಿ ಎಮ್ಮೆಯ ಕಿವಿ ಎತ್ತಿದರು.

ಕಿವಿಯಲ್ಲಿ ಹಳದಿ ಬಿಲ್ಲೆ ಇತ್ತು. ಸಾಲದ ಎಮ್ಮೆಗೆ ವಿಮೆ ಮಾಡಿಸುವಾಗ ನಂಬರು ಹಾಕಿ ಚುಚ್ಚುವ ಬಿಲ್ಲೆ. ದೊಡ್ಡವ್ವನ ಸಾಲದ ನಂಬರು. ಹಗ್ಗದಿಂದ ಕುಂಕುಮದವರೆಗೆ ಎಲ್ಲವನ್ನೂ ಯೋಚಿಸಿದ್ದ ಅಷ್ಟು ಹೆಂಗಸರಲ್ಲಿ ಒಬ್ಬರಿಗೂ ಬಿಲ್ಲೆ ನೆನಪಾಗಿರಲಿಲ್ಲ. ಬಿಲ್ಲೆ ಹೊಸದಿದ್ದಾಗ "ಎಮ್ಮಿ ಕಿವಿಗೆ ಬೆಂಡೋಲಿ ಇಡಿಸ್ಯಾರ" ಎಂದು ಓಣಿಯೆಲ್ಲ ಬಂದು ನೋಡಿತ್ತಂತೆ. ಆಮೇಲೆ ದಿನಾ ಹಾಲು ಹಿಂಡುವವರ ಕಣ್ಣಿಗೆ ಅದು ಕಿವಿಯೇ ಆಗಿಹೋಗಿತ್ತು.

"ಇದು ಯಾರ ಬಿಲ್ಲಿ?"

ದೊಡ್ಡವ್ವ ಮುಂದೆ ಬಂದಳು. "ನಂದ್ರಿ. ಎಮ್ಮಿ ಈಕಿಗೆ ಮಾರೀನಿ. ಬಿಲ್ಲಿ ಬಿಚ್ಚಾಕ ಹೋದ್ರ ಕಿವಿ ಹರೀತದ ಅಂತ ಹಂಗ ಬಿಟ್ಟೀನಿ."

"ಸಾಲದ ಎಮ್ಮಿ ಮಾರಂಗಿಲ್ಲ ಅಂತ ಗೊತ್ತಿಲ್ಲೇನವ್ವ?"

"ನನಗೇನ್ ಗೊತ್ತಾಗ್ತದ್ರಿ, ಹೆಬ್ಬೆಟ್ಟಿನಾಕಿ."

"ವಾರಾ ವಾರಾ ಸಹಿ ಮಾಡ್ತಿ?"

"ಅದೊಂದ ಬರ್ತದ್ರಿ."

ಸಾಹೇಬರು ನಗಲಿಲ್ಲ. ಹೊರಸಿನ ಮೇಲೆ ಬಿದ್ದಿದ್ದ ನನ್ನ ದಪ್ಪ ಪುಸ್ತಕವನ್ನು ಒಮ್ಮೆ ನೋಡಿದರು, ಎಮ್ಮೆಯನ್ನು ಒಮ್ಮೆ ನೋಡಿದರು. ದೊಡ್ಡವ್ವನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಅದು ಯಾರಿಗೂ ಕೇಳಿಸಲಿಲ್ಲ. ಅವರ ಬೈಕು ಓಣಿ ದಾಟಿದ ಮೇಲೆ ದೊಡ್ಡವ್ವ ಹಗ್ಗ ಬಿಚ್ಚಿ, "ನಡಿ ನಮ್ಮವ್ವ, ಆತು ನಿನ್ನ ನೌಕರಿ," ಎಂದು ಎಮ್ಮೆಯನ್ನು ಹೊಡೆದುಕೊಂಡು ಹೋದಳು.

ಪುಸ್ತಕ ಅಲ್ಲಿದ್ದರೆ ನಾನೂ ಅಲ್ಲಿದ್ದೆ ಎಂದಾಯಿತಲ್ಲ ಎಂದು ಬಹಳ ದಿನ ವಾದಿಸಿಕೊಂಡಿದ್ದೆ. ಆದರೆ ಬಿ.ಎಸ್ಸಿ.ಯ ಹಳೆಯ ಪುಸ್ತಕಗಳು ಯಾವಾಗಲೂ ಮನೆಯಲ್ಲೇ ಬಿದ್ದಿರುತ್ತಿದ್ದವು. ಈ ಸಾಕ್ಷಿ ನಿಲ್ಲುವುದಿಲ್ಲ.

ಕಂತು ಬಂತು. ಹಾಲ್ ಟಿಕೆಟ್ ಸಿಕ್ಕಿತು. ಪಾಸಾದೆ. ಅವ್ವ ಸಂಘದ ಸಾಲವನ್ನು ವಾರ ತಪ್ಪಿಸದೆ ತೀರಿಸಿದಳು. ಬ್ಯಾಂಕಿನ ಸಾಲಕ್ಕೆ ನನ್ನ ಹಲವು ವರ್ಷಗಳು ಹೋದವು, ಅದಿನ್ನೂ ತೀರಿಲ್ಲ. ಓದುತ್ತಿದ್ದಾಗಿನ ಬಡ್ಡಿಯೂ ಅಸಲಿಗೆ ಸೇರಿಕೊಂಡಿತ್ತು. ನನಗೆ ಸಿಕ್ಕ ಕೆಲಸ ದೇವದುರ್ಗದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನದು. ರಾಯಚೂರಿನಲ್ಲಿ ಬಾಡಿಗೆ ಕೋಣೆ, ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಗೌರವಧನ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಬ್ಯಾಂಕಿನ ಸಂದೇಶ ಮಾತ್ರ ತಡವಾಗುವುದಿಲ್ಲ. ಬೇಸಿಗೆಯಲ್ಲಿ ಕೆಲಸವೂ ಇಲ್ಲ, ಹಣವೂ ಇಲ್ಲ. ಇದನ್ನು ಗೋಳಾಗಿ ಹೇಳುತ್ತಿಲ್ಲ. ನನ್ನ ಜೊತೆಗಿರುವ ಎಲ್ಲರ ಬದುಕೂ ಹೀಗೆಯೇ ಇದೆ.

ಇತ್ತೀಚೆಗೆ ತರಗತಿ ಮುಗಿದ ಮೇಲೆ ಜಾಲಹಳ್ಳಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಬಂದು ಕೇಳಿದಳು. "ಸರ್, ಸಾಲ ಮಾಡಿ ಎಂ.ಎಸ್ಸಿ. ಮಾಡಿದ್ರ ಎಷ್ಟ್ ಬೀಳ್ತದ್ರಿ? ಮನ್ಯಾಗ ಕೇಳಾಕತ್ತಾರ." ಅವಳ ಮನೆಯಲ್ಲಿ ಅದರ ಮೇಲೆಯೇ ತೀರ್ಮಾನವಾಗಲಿತ್ತು. ಶುಲ್ಕ, ಮೆಸ್ಸು, ಬಡ್ಡಿ ಎಲ್ಲ ಕೂಡಿಸಿ ಒಂದು ಅಂದಾಜು ಹೇಳಿದೆ. ಅವಳು ಅಂಗೈ ಮೇಲೆ ಬರೆದುಕೊಂಡು ಬಸ್ಸಿಗೆ ಓಡಿದಳು. ಹೇಳಿದ ಮೊತ್ತ ಸರಿ ಎಂದು ನನಗೇ ಅನ್ನಿಸಲಿಲ್ಲ. ಮಾರೀನಿ ಎಂದ ಸುಳ್ಳಿಗೆ ದೊಡ್ಡವ್ವ ತೆತ್ತ ಪಾಲು ಅದರಲ್ಲಿ ಸೇರಿರಲಿಲ್ಲ. ಅಂಥದೊಂದು ಪಾಲು ನಿಜವಾಗಿ ಇತ್ತೇ ಎಂಬುದೂ ನನಗೆ ಗೊತ್ತಿರಲಿಲ್ಲ.

ಅವ್ವನನ್ನು ಕೇಳಿದೆ. "ಸಾಹೇಬ ಕಿವಿ ಮುಟ್ಟೇ ಇಲ್ಲ. ನೋಡಿದ, ಛಾ ಕುಡಿದ, ಹೋದ," ಎಂದಳು. ಮಾರೀನಿ ಎಂದು ದೊಡ್ಡವ್ವ ಹೇಳಿದ್ದು? "ಯಾರ್ ಹೇಳಿದ್ರು ನಿನಗ?" ಎಂದು ನನ್ನನ್ನೇ ತಿರುಗಿ ಕೇಳಿದಳು.

ದೊಡ್ಡವ್ವನ ಅಂಗಡಿಗೆ ಹೋದೆ. ಅಂಗಡಿ ಈಗ ಚೆನ್ನಾಗಿಯೇ ನಡೆಯುತ್ತಿದೆ. ಬಿಲ್ಲೆಯ ಮಾತೆತ್ತಿದೆ.

"ಯಾವ ಎಮ್ಮಿ ಅಪಾ? ಎಷ್ಟ್ ಎಮ್ಮಿ ಬಂದು ಹೋಗ್ಯಾವ ನನ್ನ ಕೈಯಾಗ. ಓದಿದ ಎಮ್ಮಿ ನೀನು, ನೀನ ನೆನಪಿಟ್ಕೊ."

"ನಿನ್ನ ಅಂಗಡಿ ಸಾಲ ತಡದಿದ್ರೇನು?"

"ಹಳೇದೆಲ್ಲ ಕೆದರಾಕ ಬಂದಿಯೋ, ಏನರ ತಗೊಳ್ಳಾಕ ಬಂದಿಯೋ?"

ಶೇಂಗಾ ಚಿಕ್ಕಿ ತೆಗೆದುಕೊಂಡೆ. ಬೇಡ ಎನ್ನುತ್ತಾಳೇನೋ ಎಂದುಕೊಂಡು ನೋಟು ಚಾಚಿದೆ. ಇಸಿದುಕೊಂಡು ಚಿಲ್ಲರೆ ಸರಿಯಾಗಿ ಎಣಿಸಿ ಕೊಟ್ಟಳು.

ಆಗ ಸಂಘದ ಅಧ್ಯಕ್ಷೆಯಾಗಿದ್ದವರು ಈಗ ಕವಿತಾಳದಲ್ಲಿ ಮಗನ ಮನೆಯಲ್ಲಿದ್ದಾರೆ. ಒಂದು ಭಾನುವಾರ ಅಲ್ಲಿಗೆ ಹೋದೆ. ಉತ್ತರವನ್ನು ನಾನೇ ಅವರ ಬಾಯಿಗೆ ಹಾಕಬಾರದೆಂದು ಎಮ್ಮೆಯ ಸುದ್ದಿಯನ್ನೇ ತೆಗೆಯಲಿಲ್ಲ. ಯಾರ್ಯಾರು ಯಾವಾಗ ಯಾವುದಕ್ಕೆ ಸಾಲ ತೆಗೆದರು ಎಂದು ಹೀಗೇ ಮಾತಿಗೆಳೆದೆ. ದೊಡ್ಡವ್ವನ ಸರದಿ ಬಂದಾಗ ಅವರೇ ಹೇಳಿದರು. "ಆಕಿದು ಆ ವರ್ಷ ಆಗ್ಲಿಲ್ಲ. ಸಾಲದ ಎಮ್ಮಿ ಮಾರ್ಕೊಂಡಾಳ ಅಂತ ಸಾಹೇಬ ಬರಕೊಂಡು ಹೋಗಿದ್ದ. ನಾವು ಎಷ್ಟ್ ಕೈ ಮುಗಿದ್ರೂ ಕೇಳ್ಲಿಲ್ಲ."

ಒಂದೇ ಬಾಯಿಯ ಮಾತು ಸಾಲದು. ಊರಿಗೆ ಮರಳಿದ ಮೇಲೆ, ಅಂಗಡಿಯ ಹಲಗೆ ಹೊಡೆದಿದ್ದ ಬಡಿಗೇರನನ್ನೂ ಕೇಳಿದೆ. ಕೂಲಿಗಾಗಿ ಅವನು ಒಂದು ವರ್ಷ ತಿರುಗಿದ್ದ. ಅಂಗಡಿ ತೆರೆದ ದಿನವೇ ಅದು ಅವನ ಕೈ ಸೇರಿತ್ತು. ನಾನು ಆ ದಿನ ಅಲ್ಲಿದ್ದೆನೋ ಇಲ್ಲವೋ, ಇವತ್ತಿಗೂ ತಿಳಿಯದು. ನನ್ನ ಕೊನೆಯ ಸೆಮಿಸ್ಟರಿನ ವರ್ಷ ದೊಡ್ಡವ್ವನಿಗೆ ಅಂಗಡಿಯ ಸಾಲ ಸಿಗಲಿಲ್ಲ; ಸಿಕ್ಕಿದ್ದು ಅದರ ಮರುವರ್ಷ.