ದಾಸವಾಳದ ಮೊಗ್ಗಿನ ಪಾಲು

ದಾಸವಾಳದ ಮೊಗ್ಗಿನೊಳಗೆ ಅಂಡಾಣು ಬೆಳೆಯುವುದನ್ನು ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿಗಳಿಗೆ ತೋರಿಸಬೇಕಿತ್ತು. ಸಂತೇಬೆನ್ನೂರಿನಲ್ಲಿ ನಾಲ್ವರು ಅಣ್ಣತಮ್ಮಂದಿರ ಮನೆಗಳು ಸಾಲಾಗಿದ್ದವು. ಮೊದಲ ಮನೆಯ ಹಿರಿ ಸೊಸೆಯನ್ನು ಮೊಗ್ಗು ಕೇಳಿದೆ.

"ಅರಳದಿರೋ ಮೊಗ್ಗು ಯಾಕ್ರೀ?"

"ಒಳಗೆ ನಾಲ್ಕು ಜೀವಕೋಶ ಸಾಲಾಗಿ ಹುಟ್ತಾವ್ರೀ. ಮೂರು ಸಾಯ್ತಾವೆ. ಉಳಿದ ಒಂದರಿಂದಲೇ ಅಂಡಾಣು."

ಆಕೆ ಸಾಲುಮನೆಗಳ ಕಡೆ ನೋಡಿದರು. "ಹಂಗಾದ್ರೆ ಪಾಲಿನ ಜಗಳನೇ ಇಲ್ಲ ಬಿಡ್ರಿ. ಉಳಿಯೋದು ಮೊದಲನೇದು ತಾನೆ?"

"ಇಲ್ರೀ, ಕೊನೇದು."

"ನಮ್ ಗಿಡದಾಗೆ ಮೊಗ್ಗಿಲ್ರೀ" ಎಂದು ಬಾಗಿಲು ಹಾಕಿಕೊಂಡರು. ಅಂಗಳದ ಗಿಡದ ತುಂಬ ಮೊಗ್ಗಿತ್ತು.

ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ ಕೊನೆ ಮನೆಯ ಕಿರಿ ಸೊಸೆ, ನಾನು ಕೇಳುವ ಮೊದಲೇ ಬುಟ್ಟಿ ತುಂಬ ಮೊಗ್ಗು ತಂದುಕೊಟ್ಟರು.

"ಅದನ್ನ ಇನ್ನೊಂದ್ಸಲ ಜೋರಾಗಿ ಹೇಳ್ರಿ, ನಡುವಿನ ಎರಡು ಮನೆಯೋರಿಗೂ ಕೇಳಿಸ್ಲಿ."

ಇಷ್ಟು ವರ್ಷದ ಪಾಠದಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಇನ್ನೊಮ್ಮೆ ಹೇಳಿ ಅಂದವನಲ್ಲ.