ಟಕಟಕ ಭಾವನ ಪೆಟ್ಟಿಗೆಗಳು

ನನ್ನ ಅಕ್ಕನ ಗಂಡನನ್ನು ಕಂಡರೆ ನನಗಾಗುವುದಿಲ್ಲ. ಎದುರಿಗೆ ಸಿಕ್ಕಾಗ ‘ಭಾವ, ನೀವು’ ಎನ್ನುತ್ತೇನೆ. ಬರೆಯುವಾಗಲಾದರೂ ಏಕವಚನ ಇರಲಿ.

ಅವನದು ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ನೋಡಿ ಬರುವ ಕೆಲಸ. ಹೋದಲ್ಲೆಲ್ಲ ಬಾಗಿಲು, ಕಪಾಟು, ಮೇಜು, ಏನು ಸಿಕ್ಕರೂ ಬೆರಳ ಗೆಣ್ಣಿನಿಂದ ಟಕಟಕ ಬಡಿದು ಕಿವಿಗೊಟ್ಟು ಕೇಳುತ್ತಾನೆ. ಬೀದಿಯವರು ಅವನಿಗೆ ‘ಟಕಟಕ’ ಎಂದೇ ಹೆಸರಿಟ್ಟಿದ್ದಾರೆ. ಮದುವೆಯ ಮಾತಿಗೆಂದು ನಮ್ಮ ಮನೆಗೆ ಬಂದ ದಿನವೂ ಅಕ್ಕನ ಮುಖ ನೋಡುವ ಮೊದಲು ನಮ್ಮ ಊಟದ ಮೇಜನ್ನು ಬಡಿದು, ‘ಒಳ್ಳೇ ಗಟ್ಟಿ ಮರ’ ಎಂದ. ಹುಡುಗ ವಸ್ತುವಿನ ಬೆಲೆ ಬಲ್ಲವನು ಎಂದು ಅಪ್ಪ ಮೆಚ್ಚಿಕೊಂಡರು. ಅಪ್ಪನಿಗೆ ಮನುಷ್ಯರ ಬೆಲೆ ಕಟ್ಟಲು ಎಂದೂ ಬರಲಿಲ್ಲ.

ಮನೆಯಲ್ಲಿ ಕೂತು ಪುಟ್ಟ ಪುಟ್ಟ ಸ್ಪೀಕರ್ ಕಟ್ಟುವುದು ಅವನ ಹುಚ್ಚು. ‘ಹಾಡಬೇಕಾದ್ದು ಒಳಗೆ ಅದುರೋ ಕಾಗದದ ಕೋನು. ಪೆಟ್ಟಿಗೆ ಬಾಯಿ ಮುಚ್ಕೊಂಡಿರ್ಬೇಕು’ ಎನ್ನುವುದು ಅವನ ವೇದವಾಕ್ಯ. ಮೊದಲು ತೆಳು ಪ್ಲೈವುಡ್ಡಿನಲ್ಲಿ ಮಾಡಿದ. ಹಾಡು ಹಾಕಿದರೆ ಯಾರೋ ಖಾಲಿ ಡಬ್ಬ ಬಾರಿಸಿದಂತಾಯಿತು. ಆಮೇಲೆ ಪಾರ್ಟಿಕಲ್ ಬೋರ್ಡ್ ತಂದ. ಸ್ಕ್ರೂ ತಿರುಗಿಸಿದಲ್ಲೆಲ್ಲ ಅಂಚು ಬಿಸ್ಕತ್ತಿನ ಹಾಗೆ ಉದುರಿತು. ಎರಡು ಹಲಗೆಗಳ ನಡುವೆ ಮರಳು ತುಂಬಿದರೆ ಸದ್ದು ಅಡಗುತ್ತದೆಂದು ಯಾರೋ ಹೇಳಿದರು. ಅದನ್ನೂ ಮಾಡಿದ. ಮೂಲೆಯಲ್ಲಿ ಅಂಟು ಬಿಟ್ಟು, ಅಕ್ಕನ ಮನೆಯಲ್ಲಿ ಹಾಸಿಗೆ ಕೊಡವಿದರೂ ಮರಳು, ಅನ್ನ ಕಲಸಿದರೂ ಮರಳು. ಕೊನೆಗೆ ಮರದ ನಾರು ಒತ್ತಿ ಮಾಡಿದ ದಪ್ಪ ಎಂಡಿಎಫ್ ಹಲಗೆಗೆ ಬಂದು ನಿಂತ. ಒಳಗಡೆ ಡಾಂಬರು ಹಾಳೆ ಅಂಟಿಸಿದ. ಮನೆಯೆಲ್ಲ ಹೊಸ ರಸ್ತೆಯ ವಾಸನೆ.

ಇಷ್ಟಾದರೂ ಹಾಡು ಚೆನ್ನಾಗಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಪ್ರತಿ ಸಲವೂ ಹಲಗೆಯನ್ನೇ ಬೈದ. ‘ನಂಗೇನೂ ವ್ಯತ್ಯಾಸ ಗೊತ್ತಾಗ್ತಿಲ್ಲ ಭಾವ’ ಎಂದರೆ, ‘ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು’ ಎಂದು ಅಕ್ಕನ ಕಡೆ ನೋಡಿ ನಕ್ಕ. ಅಕ್ಕ ನಗಲಿಲ್ಲ. ಅವಳು ಆ ಮನೆಯಲ್ಲಿ ಏನು ಹೇಳಿದರೂ ಅವನು ‘ಶ್, ಕೇಳು’ ಎಂದು ಕೈ ಎತ್ತುತ್ತಿದ್ದ. ಕೇಳಬೇಕಾದ್ದು ಅವಳ ಮಾತಲ್ಲ, ಅವನ ಪೆಟ್ಟಿಗೆ.

ಅಕ್ಕ ದಿಂಬು ಹೊಲಿಯುತ್ತಾಳೆ. ಸೋಫಾದ ದಿಂಬು, ಕುರ್ಚಿಯ ದಿಂಬು, ಅಂಚಿಗೆ ದಾರದ ಪಟ್ಟಿ ಕೂರಿಸಿದ ಚೊಕ್ಕ ಕೆಲಸ. ಬೀದಿಯ ತಿರುವಿನಲ್ಲಿ ಒಂದು ಮಳಿಗೆ ಖಾಲಿಯಿತ್ತು. ಅಲ್ಲಿ ಮಷೀನು ಹಾಕಿ, ತನ್ನದೇ ಬೋರ್ಡು ತೂಗುಹಾಕಿ ಕೂರಬೇಕೆಂಬುದು ಅವಳ ಒಂದೇ ಆಸೆ. ಹೊಸ ಹೋಟೆಲೊಂದು ತನ್ನ ಮುಂದಿನ ಹಜಾರಕ್ಕೆ ದಿಂಬು ಹೊಲಿದುಕೊಡಲು ಹೇಳಿತು. ಇವು ಹಿಡಿಸಿದರೆ ಎಲ್ಲ ಕೋಣೆಗಳ ಕೆಲಸವೂ ಅವಳಿಗೇ. ಮಳಿಗೆಯ ಯಜಮಾನರು, ‘ಆ ಕೆಲಸ ಸಿಕ್ಕಿದ್ರೆ ಬಾರಮ್ಮಾ, ಅಲ್ಲೀವರೆಗೂ ಬೇರೆಯವರಿಗೆ ಕೊಡಲ್ಲ’ ಎಂದಿದ್ದರು.

ದಿಂಬುಗಳೆಲ್ಲ ಸಿದ್ಧವಾದವು. ಅಷ್ಟರಲ್ಲಿ ನನ್ನ ಮಗಳಿಗೆ ಜ್ವರ ಬಂದು ಅಕ್ಕ ನಮ್ಮ ಮನೆಗೆ ಬರಬೇಕಾಯಿತು. ‘ನೀನು ಹೋಗು, ಹೋಟೆಲಿಗೆ ನಾನೇ ಕೊಟ್ಟು ಬರ್ತೀನಿ’ ಎಂದ ಭಾವ. ಅಪರೂಪಕ್ಕೆ ಒಳ್ಳೆಯ ಮಾತಾಡಿದನಲ್ಲ ಎಂದು ಅಕ್ಕ ಕರಗಿಹೋದಳು.

ಅವಳು ವಾಪಸು ಹೋಗುವಾಗ ನಾನೂ ಜೊತೆಗೆ ಹೋದೆ. ಬಾಗಿಲ ಮುಂದೆ ಹೋಟೆಲಿನ ವ್ಯಾನು ನಿಂತಿತ್ತು. ಡ್ರೈವರ್ ದಿಂಬುಗಳನ್ನು ಒಂದೊಂದಾಗಿ ಮೆಟ್ಟಿಲ ಮೇಲೆ ಎಸೆಯುತ್ತಿದ್ದ. ಕರಿ ಕೋಟಿನ ಗಿರಾಕಿಯೊಬ್ಬರು ಕೂತು ಎದ್ದರೆ ಬೆನ್ನಿಗೆಲ್ಲ ಕಂದು ಪುಡಿ ಮೆತ್ತಿತ್ತಂತೆ. ಹಜಾರದವರೆಲ್ಲ ಸೀನಿದರಂತೆ. ‘ಇನ್ಮೇಲೆ ಈ ಕಡೆ ಬರೋದು ಬೇಡ ಅಂದ್ರು ನಮ್ಮ ಹೋಟೆಲ್ ಮೇಡಮ್ಮು’ ಎಂದು ಹೇಳಿ ಹೊರಟುಹೋದ.

ಅಕ್ಕ ಒಂದು ದಿಂಬಿನ ಹೊಲಿಗೆ ಬಿಚ್ಚಿದಳು. ತಾನು ತುಂಬಿದ್ದ ಬಿಳಿ ಫೈಬರ್ ಮೇಲೊಂದು ಪದರ ಮಾತ್ರ ಇತ್ತು. ಒಳಗೆಲ್ಲ ಎಂಡಿಎಫ್ ಕೊಯ್ದ ಪುಡಿ.

ಒಳಗೆ ಹಾಡು ಬರುತ್ತಿತ್ತು. ಭಾವ ಸ್ಪೀಕರಿನ ಮುಂದೆ ಕಣ್ಣು ಮುಚ್ಚಿ ಕೂತಿದ್ದ.

‘ರೀ, ದಿಂಬಿನ ಫೈಬರ್ ಎಲ್ಲಿ?’

‘ಪೆಟ್ಟಿಗೇಲಿದೆ. ಕೋನಿನ ಹಿಂದಿನ ಸದ್ದು ಪೆಟ್ಟಿಗೆ ಗೋಡೆಗೆ ಬಡಿದು ವಾಪಸ್ ಬರುತ್ತಲ್ಲ, ಅದನ್ನ ನುಂಗೋಕೆ ಏನಾದ್ರೂ ಬೇಕಿತ್ತು. ಅಷ್ಟೇ ತೂಕದ ಪುಡಿ ಹಾಕಿ ಹೊಲ್ದಿದೀನಿ ಕಣೇ. ತಕ್ಕಡೀಲಿ ತೂಗಿ ಹಾಕಿದೀನಿ, ಒಂದು ಚೂರೂ ಮೋಸ ಇಲ್ಲ.’

ಅವನ ಕೆನ್ನೆಗೆ ಬಾರಿಸಬೇಕೆಂದು ನನ್ನ ಕೈ ತುರಿಸಿತು. ಈಗಲೂ ತುರಿಸುತ್ತದೆ.

ಅಕ್ಕ ಸ್ಕ್ರೂಡ್ರೈವರ್ ತೆಗೆದುಕೊಂಡು, ಹಾಡುತ್ತಿದ್ದ ಪೆಟ್ಟಿಗೆಯ ಹಿಂಬದಿಯ ಹಲಗೆ ಬಿಚ್ಚಿದಳು. ಒಳಗೆ ಕೈ ಹಾಕಿ ಫೈಬರನ್ನು ಮುಷ್ಟಿಮುಷ್ಟಿಯಾಗಿ ಕಿತ್ತು ನೆಲಕ್ಕೆ ಹಾಕತೊಡಗಿದಳು. ಅಷ್ಟೊಂದನ್ನು ಅಷ್ಟು ಚಿಕ್ಕ ಜಾಗದಲ್ಲಿ ಹೇಗೆ ತುರುಕಿದ್ದನೋ! ಅವನು ತಡೆಯುತ್ತಾನೆ, ಕೂಗುತ್ತಾನೆ ಎಂದುಕೊಂಡೆ. ಒಂದು ಜಗಳವಾದರೂ ಆಗಲಿ ಎಂದೇ ನನಗಿತ್ತು.

ಅವನು ಕಣ್ಣರಳಿಸಿ ಎದ್ದು ನಿಂತ. ‘ಅರೇ! ತೆಗಿ, ಇನ್ನೂ ತೆಗಿ! ಎಷ್ಟು ಬಿಚ್ಚಿಕೊಳ್ತು ನೋಡೇ ಧ್ವನಿ! ಹಲಗೆ ಹಾಕು, ಹಲಗೆ ಹಾಕು!’ ಎಂದು ತಾನೇ ಹಲಗೆ ಒತ್ತಿ ಹಿಡಿದ. ಹಾಡು ನಿಜಕ್ಕೂ ತುಂಬಿಕೊಂಡು ಬಂತು. ನನ್ನಂಥ ಕೋಣಕ್ಕೂ ಗೊತ್ತಾಯಿತು. ‘ಜಾಸ್ತಿ ತುರುಕಿ ಕತ್ತು ಹಿಸುಕಿಬಿಟ್ಟಿದ್ದೆ’ ಎಂದು ನಕ್ಕ.

‘ಹಾಗಾದ್ರೆ ಎಷ್ಟು ಬೇಕಿತ್ತು?’ ಎಂದಳು ಅಕ್ಕ.

‘ಒಂದು ದಿಂಬಿಂದು ಸಾಕಿತ್ತು.’

ಅವಳು ಕೈ ಒರೆಸಿಕೊಂಡು ಅಲ್ಲೇ ನಿಂತು ಮಳಿಗೆಯ ಯಜಮಾನರಿಗೆ ಫೋನ್ ಮಾಡಿದಳು. ‘ಬೇರೆಯವರಿಗೆ ಕೊಟ್ಬಿಡಿ’ ಎಂದಳು. ಹಾಡಿನ ಅಬ್ಬರದಲ್ಲಿ ಆ ಕಡೆಯವರಿಗೆ ಕೇಳಿಸಲಿಲ್ಲ. ಅದೇ ಮಾತನ್ನು ಅವಳು ಇನ್ನೊಮ್ಮೆ, ಜೋರಾಗಿ ಹೇಳಬೇಕಾಯಿತು.